ಚಾಲೂ ಆಗತೈತೇನು?

ಹೋದ ವರ್ಷ ಕಾಕಾ ಕಣ್ಣು ತೋರಿಸಿಕೊಳ್ಳೋಕೆ ಬಾಳೆಹೊಸೂರಿನಿಂದ ಬೆಂಗಳೂರಿಗೆ ಬಂದಿದ್ದ. ಆಸ್ಪತ್ರೆ ಕೆಲಸ ಬೇಗ ಮುಗಿದು ಕೈಯಲ್ಲಿ ಒಂದು ಪೂರ್ತಿ ದಿನ ಉಳೀತು. ಮಾಲ್‌ಗೆ ಕರ್ಕೊಂಡು ಹೋಗೋ ಹಾಗಿಲ್ಲ. ಹಿಂದಿನ ಸಲ ಎಸ್ಕಲೇಟರ್ ಮುಂದೆ ಕೂತು ಅದರ ಮೋಟಾರು ಎಲ್ಲಿದೆ ಅಂತ ಹುಡುಕಿ ಸೆಕ್ಯೂರಿಟಿಯವರಿಗೆ ತಲೆನೋವು ತಂದಿದ್ದ. ಊರಲ್ಲಿ ತಗಡಿನ ಶೆಡ್ಡಿನಲ್ಲಿ ಕೂತು ಟ್ರ್ಯಾಕ್ಟರು, ಪಂಪ್‌ಸೆಟ್ಟು, ರಾಶಿ ಮಷಿನ್ನು ರಿಪೇರಿ ಮಾಡ್ತಾ ಜೀವನ ಕಳೆದವನು ಅವನು. ಅದಕ್ಕೇ ಹಳೇ ಏರ್‌ಪೋರ್ಟ್ ರಸ್ತೆಯಲ್ಲಿರೋ ಎಚ್‌ಎಎಲ್ ವೈಮಾನಿಕ ಸಂಗ್ರಹಾಲಯಕ್ಕೆ ಕರ್ಕೊಂಡು ಹೋದೆ.

ಅಲ್ಲಿ ಮಾರುತ್ ಇದೆ. ಭಾರತದಲ್ಲೇ, ಅದೂ ನಮ್ಮ ಬೆಂಗಳೂರಿನಲ್ಲೇ ವಿನ್ಯಾಸ ಮಾಡಿ ಕಟ್ಟಿದ ಮೊದಲ ಜೆಟ್ ಯುದ್ಧವಿಮಾನ. ನಾನು ಗೈಡ್ ಥರ ಶುರು ಮಾಡಿದೆ. ಕಾಕಾ ಕೇಳಿಸಿಕೊಳ್ತಾ ಇರಲಿಲ್ಲ. ಕೈ ಹಿಂದೆ ಕಟ್ಟಿಕೊಂಡು ಒಂದು ಸುತ್ತು ಹಾಕಿದ. ಬಾಗಿ ಹಿಂದುಗಡೆಯ ಎರಡು ತೂತುಗಳ ಒಳಗೆ ಇಣುಕಿದ. ಚಕ್ರ ನೋಡಿದ. ಆಮೇಲೆ ಒಂದೇ ಪ್ರಶ್ನೆ:

"ಇದು ಚಾಲೂ ಆಗತೈತೇನು?"

"ಇಲ್ಲ ಕಾಕಾ, ಇದು ಬರೇ ನೋಡಾಕ."

"ಹೌದಾ." ಸ್ವಲ್ಪ ಹೊತ್ತು ಸುಮ್ಮನಿದ್ದು, "ಮತ್ತ ನೋಡೂದು ಏನು?" ಅಂದ.

ಈ ಅಂಕಣದಲ್ಲಿ ಸಾಮಾನ್ಯವಾಗಿ ಸಿನಿಮಾ, ಪುಸ್ತಕ, ಕೆಲವೊಮ್ಮೆ ಹೋಟೆಲು ವಿಮರ್ಶೆ ಮಾಡ್ತೀನಿ. ಈ ಸಲ ವಿಮಾನ. ಹಳೇ ಯುದ್ಧವಿಮಾನಗಳನ್ನ ದುರಸ್ತಿ ಮಾಡಿ ಇಡೋದು, ಇಲ್ಲದ್ದನ್ನ ಹೊಸದಾಗಿ ಅದೇ ಥರ ಕಟ್ಟೋದು, ಇದೆಲ್ಲ ಕತೆ ಹೇಳೋ ಕೆಲಸವೇ ಅಲ್ಲವೇ? ಯಾವುದನ್ನ ಉಳಿಸಬೇಕು, ಯಾವುದರ ಮೇಲೆ ಬಣ್ಣ ಬಳೀಬೇಕು ಅಂತ ಯಾರೋ ಕೂತು ತೀರ್ಮಾನ ಮಾಡಿರ್ತಾರೆ. ಹಾಗಿದ್ದ ಮೇಲೆ ವಿಮರ್ಶೆಗೂ ಒಳಗಾಗಬೇಕು.

ಈ ವಿಷಯದಲ್ಲಿ ಬೆಂಗಳೂರಿನ ಹಕ್ಕು ದೊಡ್ಡದು. ಯಾಕೆ ಅಂತ ಹೇಳ್ತೀನಿ. ಇಲ್ಲೇ ಹತ್ತು ವರ್ಷದಿಂದ ಕೋಡ್ ಬರೀತಿರೋ ನನ್ನ ಸಹೋದ್ಯೋಗಿಗಳಿಗೇ ಇದು ಗೊತ್ತಿರಲಿಲ್ಲ, ನನಗೂ ಮೊನ್ನೆ ಮೊನ್ನೆವರೆಗೆ ಗೊತ್ತಿರಲಿಲ್ಲ.

1940ರ ಡಿಸೆಂಬರ್‌ನಲ್ಲಿ ವಾಲಚಂದ್ ಹೀರಾಚಂದ್ ಅವರು ಮೈಸೂರು ಸರ್ಕಾರದ ಜತೆ ಸೇರಿ ಇಲ್ಲಿ ಹಿಂದುಸ್ತಾನ್ ಏರ್‌ಕ್ರಾಫ್ಟ್ ಕಂಪನಿ ಶುರು ಮಾಡಿದರು. ವಿಮಾನ ಕಟ್ಟಬೇಕು ಅನ್ನೋದು ಆಸೆ. ಆದರೆ ಮಹಾಯುದ್ಧ ಬಂದು, ಕಾರ್ಖಾನೆ ಮಿತ್ರಪಡೆಗಳ ದೊಡ್ಡ ರಿಪೇರಿ ಅಂಗಡಿ ಆಯ್ತು. ನೀರಿನ ಮೇಲೆ ಇಳಿಯೋ ಕ್ಯಾಟಲಿನಾ ವಿಮಾನಗಳು ಸರ್ವಿಸಿಂಗ್‌ಗೆ ಬಂದಾಗ ಇಳೀತಾ ಇದ್ದದ್ದು ಬೆಳ್ಳಂದೂರು ಕೆರೆ ಮೇಲೆ. ಹೌದು, ಈಗ ನೊರೆ ಏಳೋ ಅದೇ ಬೆಳ್ಳಂದೂರು ಕೆರೆ.

ಯುದ್ಧ ಮುಗೀತು. ಬ್ರಿಟಿಷರ ಬಳಿಯಿದ್ದ ಬಿ-24 ಲಿಬರೇಟರ್ ಅನ್ನೋ ನಾಲ್ಕು ಇಂಜಿನ್‌ನ ದೈತ್ಯ ಬಾಂಬರ್‌ಗಳು ಕಾನ್ಪುರದ ಚಕೇರಿಯಲ್ಲಿ ಸಾಲಾಗಿ ನಿಂತವು. ಅಮೆರಿಕ ಜತೆಗಿದ್ದ ಲೆಂಡ್-ಲೀಸ್ ಒಪ್ಪಂದದ ಪ್ರಕಾರ ಅವನ್ನ ವಾಪಸ್ ಕೊಡಬೇಕು, ಇಲ್ಲ ನಾಶ ಮಾಡಬೇಕು. ವಾಪಸ್ ಒಯ್ಯೋ ಖರ್ಚು ಯಾರಿಗೂ ಬೇಡ. ನಾಶ ಮಾಡೋಕೆ ಹೊರಟರು. ಲಾರಿ ಗುದ್ದಿಸಿದರು, ಇಂಜಿನ್ ಒಳಗೆ ಮರಳು ಸುರಿದರು, ಪೆಟ್ರೋಲ್ ಟ್ಯಾಂಕಿಗೆ ತೂತು ಹೊಡೆದರು, ಮೀಟರ್‌ಗಳನ್ನ ಒಡೆದು ಹಾಕಿದರು. ಇನ್ನು ಮುಂದೆ ಯಾರೂ ಇವನ್ನ ಹಾರಿಸೋಕೆ ಆಗಬಾರದು ಅನ್ನೋದೇ ಉದ್ದೇಶ.

1948. ದೇಶ ಸ್ವತಂತ್ರ ಆಗಿ ಒಂದು ವರ್ಷ, ಕಾಶ್ಮೀರದಲ್ಲಿ ಯುದ್ಧ, ನಮ್ಮ ವಾಯುಪಡೆ ಹತ್ರ ದೊಡ್ಡ ಬಾಂಬರ್ ಒಂದೂ ಇಲ್ಲ. ಎಚ್‌ಎಎಲ್‌ನವರು ಕಾನ್ಪುರಕ್ಕೆ ಹೋಗಿ ಆ ಗುಜರಿ ರಾಶಿ ನೋಡಿದರು. ಒಂದರ ರೆಕ್ಕೆ, ಇನ್ನೊಂದರ ಇಂಜಿನ್, ಮತ್ತೊಂದರ ಬಾಲ ಅಂತ ಕೂಡಿಸಿ, ಬೆಂಗಳೂರಿನವರೆಗೆ ಒಂದೇ ಒಂದು ಸಲ ಹಾರಿದರೆ ಸಾಕು ಅನ್ನೋ ಹದಕ್ಕೆ ತಂದರು. ಹಾರಿಸಿದ್ದು ಕಂಪನಿಯ ಪರೀಕ್ಷಾ ಪೈಲಟ್ ಜಮ್‌ಷೆದ್ ಮುನ್ಶಿ, ಎಲ್ಲರ ಬಾಯಲ್ಲಿ ಜಿಮ್ಮಿ ಮುನ್ಶಿ. ಸುಮಾರು 1500 ಕಿಲೋಮೀಟರ್ ದೂರ. ಸುಮಾರು 40 ವಿಮಾನ ಹೀಗೆ ಬಂದವು. ಇಲ್ಲಿ ಅವನ್ನ ಪೂರ್ತಿ ಬಿಚ್ಚಿ ಮತ್ತೆ ಜೋಡಿಸಿದರು. 1948ರ ನವೆಂಬರ್‌ನಲ್ಲಿ ವಾಯುಪಡೆಯ 5ನೇ ಸ್ಕ್ವಾಡ್ರನ್ ಇವೇ ವಿಮಾನಗಳಿಂದ ಶುರುವಾಯ್ತು. ಕೊನೆಯ ಲಿಬರೇಟರ್ ನಿವೃತ್ತಿ ಆಗಿದ್ದು 1968ರಲ್ಲಿ. ಜಗತ್ತಿನ ಬೇರೆ ಎಲ್ಲ ಸೇನೆಗಳು ಯಾವತ್ತೋ ಗುಜರಿಗೆ ಹಾಕಿದ್ದ ವಿಮಾನವನ್ನ ನಾವು 20 ವರ್ಷ ನಡೆಸಿದ್ವಿ.

ಕಾಕಾಗೆ ಈ ಕತೆ ಹೇಳಿದೆ. ಮಾರುತ್ ಬಗ್ಗೆ ಕೇಳಿಸಿಕೊಳ್ಳದವನು ಇದನ್ನ ಮಾತ್ರ ಎರಡೆರಡು ಸಲ ಕೇಳಿದ. "ಮರಳು ಹಾಕಿದ್ ಇಂಜಿನ್ ಬಿಚ್ಚಿ ತೊಳದ್ರಂದ್ರ ಅವ್ರು ಮಂದಿ," ಅಂದ. ಅವನ ಬಾಯಲ್ಲಿ ಅದಕ್ಕಿಂತ ದೊಡ್ಡ ಹೊಗಳಿಕೆ ನಾನು ಕೇಳಿಲ್ಲ.

ಈಗ ವಿಮರ್ಶೆ ಶುರು.

ಲಿಬರೇಟರ್‌ಗಳು ಯುದ್ಧದ ಕಾಲದಲ್ಲಿ 18 ಸಾವಿರಕ್ಕೂ ಹೆಚ್ಚು ತಯಾರಾಗಿದ್ದವು. ಈಗ ಜಗತ್ತಿನಲ್ಲಿ ಪೂರ್ತಿಯಾಗಿ ಉಳಿದಿರೋವನ್ನ ಬೆರಳಲ್ಲಿ ಎಣಿಸಬಹುದು. ಅದರಲ್ಲಿ ಎಷ್ಟೋ ನಮ್ಮ ವಾಯುಪಡೆಯಿಂದ ಹೋದವು. ಬ್ರಿಟನ್ನಿನ ರಾಯಲ್ ಏರ್ ಫೋರ್ಸ್ ಸಂಗ್ರಹಾಲಯಕ್ಕೆ ಒಂದು, ಅಮೆರಿಕದ ಅರಿಜೋನಾದ ಪೀಮಾ ಸಂಗ್ರಹಾಲಯಕ್ಕೆ ಒಂದು, ಕೆನಡಾಕ್ಕೆ ಒಂದು. ದಿಲ್ಲಿಯ ಪಾಲಂನಲ್ಲೂ ಒಂದು ಇದೆ. ಇವೆಲ್ಲಕ್ಕಿಂತ ಹೆಸರು ಮಾಡಿದ್ದು ಅಮೆರಿಕದ ಕಾಲಿಂಗ್ಸ್ ಫೌಂಡೇಶನ್ನಿನದು. 1980ರ ದಶಕದಲ್ಲಿ ಇಲ್ಲಿಂದ ಬ್ರಿಟನ್ ಮೂಲಕ ಅಲ್ಲಿಗೆ ಹೋಗಿ, ವರ್ಷಗಟ್ಟಲೆ ದುರಸ್ತಿಯಾಗಿ, 1989ರಲ್ಲಿ ಮತ್ತೆ ಆಕಾಶಕ್ಕೆ ಏರಿತು. ದಶಕಗಳ ಕಾಲ ಊರೂರಿಗೆ ಹಾರಿ, ಮುದುಕರಾಗಿದ್ದ ಹಳೇ ಸೈನಿಕರನ್ನ ಕೂರಿಸಿಕೊಂಡು ಸುತ್ತಾಡಿಸಿತು.

ದುರಸ್ತಿ ಅದ್ಭುತ, ಅದರಲ್ಲಿ ಎರಡು ಮಾತಿಲ್ಲ. ಆದರೆ ಬಣ್ಣ ನೋಡಿ. ಅದರ ಮೂಗಿನ ಮೇಲೆ ಕಾಲಕಾಲಕ್ಕೆ ಬೇರೆ ಬೇರೆ ಅಮೆರಿಕನ್ ಬಾಂಬರ್‌ಗಳ ಹೆಸರು, ಚಿತ್ರ ಬರೆದರು. 2005ರಿಂದ ಅದು 'ವಿಚ್‌ಕ್ರಾಫ್ಟ್'. ನಿಜವಾದ ವಿಚ್‌ಕ್ರಾಫ್ಟ್ ಬೇರೇನೇ ಇತ್ತು, ಯುರೋಪಿನಲ್ಲಿ 130 ಸಲ ದಾಳಿಗೆ ಹೋಗಿಬಂದ ವಿಮಾನ ಅದು. ಈ ವಿಮಾನ ಯುದ್ಧದಲ್ಲಿದ್ದದ್ದು ಬ್ರಿಟಿಷರ ಕೈಯಲ್ಲಿ, ಅದೂ ಏಷ್ಯಾದ ಕಡೆ. ಅದಕ್ಕೂ ಹೆಚ್ಚು ಕಾಲ, 20 ವರ್ಷ, ಅದು ಭಾರತದ ವಿಮಾನ. ತಾನು ಹಾರದ ಯುರೋಪಿನ ಬಣ್ಣ ಅದರ ಮೈಮೇಲಿದೆ, ಹಾರಿದ ಭಾರತದ ಬಣ್ಣ ಅಡಿಗೆ ಹೋಯ್ತು. ಮರಳು ತೊಳೆದ ಕೈಗಳ ಗುರುತು ನೋಡೋರ ಕಣ್ಣಿಗೆ ಬೀಳೋ ಜಾಗದಲ್ಲಿಲ್ಲ.

ಅವರ ಕಾರಣ ನನಗೆ ಅರ್ಥ ಆಗುತ್ತೆ. ಟಿಕೆಟ್ ತಗೊಂಡು ಬರೋನು ತನ್ನ ತಾತ ಹಾರಿಸಿದ ವಿಮಾನ ನೋಡೋಕೆ ಬರ್ತಾನೆ, ಪುಣೆಯ ಸ್ಕ್ವಾಡ್ರನ್ ನೋಡೋಕಲ್ಲ. ಒಂದು ವಿಮಾನ ಸತ್ತುಹೋದ ಸಾವಿರಾರು ವಿಮಾನಗಳ ಪರವಾಗಿ ನಿಲ್ಲಬೇಕು, ಯಾವುದೋ ಒಂದು ವೇಷ ಹಾಕಲೇಬೇಕು. ಒಪ್ಪಿದೆ. ಆದರೂ ಹೊಟ್ಟೆ ಉರೀತು ನೋಡಿ, 'ನಮ್ಮದನ್ನ ಅಳಿಸಿಬಿಟ್ರಲ್ಲ' ಅಂತ. ಈ ಅಂಕಣದ ಮೊದಲ ಕರಡು ಪೂರ್ತಿ ಇದೇ ಉರಿಯಲ್ಲಿ ಬರೆದಿದ್ದೆ. ಆಮೇಲೆ ನಮ್ಮ ಡಕೋಟಾ ನೆನಪಾಯ್ತು.

2018ರಲ್ಲಿ ನಮ್ಮ ವಾಯುಪಡೆಯ ವಿಂಟೇಜ್ ಪಡೆಗೆ ಒಂದು ಡಕೋಟಾ ಬಂತು. ಬ್ರಿಟನ್ನಿನಲ್ಲಿ ದುರಸ್ತಿಯಾದ ವಿಮಾನ, ಅಲ್ಲಿಂದ ಹಾರಿಕೊಂಡೇ ಏಪ್ರಿಲ್‌ನಲ್ಲಿ ಭಾರತಕ್ಕೆ ಬಂತು. ಕೊಡಿಸಿದವರು ಬೆಂಗಳೂರಿನ ರಾಜೀವ್ ಚಂದ್ರಶೇಖರ್. ಅವರ ತಂದೆ ಏರ್ ಕಮಡೋರ್ ಎಂ.ಕೆ. ಚಂದ್ರಶೇಖರ್ ವಾಯುಪಡೆಯಲ್ಲಿ ಡಕೋಟಾ ಹಾರಿಸಿದವರು. ವಿಮಾನಕ್ಕೆ 'ಪರಶುರಾಮ' ಅಂತ ಹೆಸರಿಟ್ಟರು. ಬಾಲದ ಮೇಲೆ ವಿಪಿ 905 ಅನ್ನೋ ಸಂಖ್ಯೆ ಬರೆದರು. 1947ರ ಅಕ್ಟೋಬರ್ 27ರಂದು ಸಿಖ್ ರೆಜಿಮೆಂಟಿನ ಸೈನಿಕರನ್ನ ಹೊತ್ತು ಶ್ರೀನಗರಕ್ಕೆ ಹೋದ ಡಕೋಟಾದ ಸಂಖ್ಯೆ ಅದು. ಗೌರವಕ್ಕೆ ಇಟ್ಟ ಸಂಖ್ಯೆ. ಈ ವಿಮಾನ ಆ ವಿಮಾನ ಅಲ್ಲ.

ಮಗ ಅಪ್ಪನ ನೆನಪಿಗೆ ಒಂದು ವಿಮಾನವನ್ನೇ ಬದುಕಿಸಿದ್ದು ನನಗೆ ಇಷ್ಟ. ಅದು ಹಾರುತ್ತೆ, ಅದೂ ಇಷ್ಟ. ಆದರೆ ವಾಟ್ಸಾಪ್ ಗುಂಪುಗಳಲ್ಲಿ ಎಷ್ಟು ಸಲ 'ಶ್ರೀನಗರ ಉಳಿಸಿದ ಅದೇ ವಿಮಾನ' ಅಂತ ಫಾರ್ವರ್ಡ್ ಬಂದಿದೆ ನೋಡಿ. ಅವರು ವಿಚ್‌ಕ್ರಾಫ್ಟ್ ಅಂತ ಬರೆದಾಗ ಮೋಸ, ನಾವು ವಿಪಿ 905 ಅಂತ ಬರೆದಾಗ ಗೌರವ ಅಂತ ವಾದ ಮಾಡೋಕೆ ನನಗೆ ಬಾಯಿ ಬರಲಿಲ್ಲ. ಎರಡೂ ಕಡೆ ಕೊರತೆ ಒಂದೇ: ಪಕ್ಕದಲ್ಲಿ ಒಂದು ಫಲಕ. 'ಈ ವಿಮಾನ ಇಂಥಲ್ಲಿ ಹುಟ್ಟಿತು, ಇಂಥವರ ಕೈಯಲ್ಲಿತ್ತು, ಇಂಥ ಭಾಗ ಹೊಸದು, ಈ ಸಂಖ್ಯೆ ಬೇರೆ ವಿಮಾನದ್ದು' ಅಂತ ನೇರವಾಗಿ, ದೊಡ್ಡ ಅಕ್ಷರದಲ್ಲಿ. ಹಾಗೆ ಬರೆದರೆ ಯಾರ ಗೌರವವೂ ಕಡಿಮೆ ಆಗಲ್ಲ.

ಭಾಗ ಬದಲಾಯಿಸಿದರೆ ಅದು ಅದೇ ವಿಮಾನವಾ ಅನ್ನೋ ತತ್ವಜ್ಞಾನದ ಪ್ರಶ್ನೆ ಇದೆಯಲ್ಲ, ಇಂಜಿನಿಯರುಗಳು ಬಿಯರ್ ಜತೆ ಚರ್ಚೆ ಮಾಡೋದು, ಅದು ನನಗೆ ಅಷ್ಟು ಕಾಡಲ್ಲ. ನಮ್ಮ ಕಡೆ ಊರೂರಿಗೂ ತೇರಿದೆ. ಗಾಲಿ ಹಳತಾದರೆ ಹೊಸದು ಹಾಕ್ತಾರೆ, ಇರಸು ಮುರಿದರೆ ಬದಲಾಯಿಸ್ತಾರೆ, ಮೇಲಿನ ಕಟ್ಟಿಗೆ ಹುಳ ಹಿಡಿದರೆ ಬಡಿಗೇರರು ಬಂದು ಕೆತ್ತಿ ಕೂರಿಸ್ತಾರೆ. ಯಾರೂ 'ಇದು ಹಳೇ ತೇರು ಅಲ್ಲ' ಅನ್ನಲ್ಲ. ವರ್ಷಕ್ಕೊಮ್ಮೆ ಅದು ಎಳೆಸಿಕೊಳ್ಳುತ್ತೆ, ಅದನ್ನ ಕಟ್ಟೋ ಕೈ ಊರಲ್ಲಿ ಇನ್ನೂ ಇದೆ. ನಮ್ಮಲ್ಲಿ ಜೀರ್ಣೋದ್ಧಾರ ಕೆಡೋದು ಬೇರೆ ಕಡೆ, ಆಯಿಲ್ ಪೇಂಟಿನಲ್ಲಿ. ಲಕ್ಷ್ಮೇಶ್ವರದ ಸೋಮೇಶ್ವರ ಗುಡಿ ಅದೃಷ್ಟ ಮಾಡಿತ್ತು, ಇನ್ಫೋಸಿಸ್ ಪ್ರತಿಷ್ಠಾನದ ನೆರವಿನಲ್ಲಿ ಕಲ್ಲನ್ನ ಕಲ್ಲಾಗೇ ಉಳಿಸಿದರು. ಎಲ್ಲ ಗುಡಿಗೂ ಆ ಪುಣ್ಯ ಇಲ್ಲ. ವಿಮಾನಗಳಿಗಂತೂ ಇನ್ನೂ ಕಡಿಮೆ. ಒಂದು ಊರಿನ ಸರ್ಕಲ್‌ನಲ್ಲಿ ನಿಲ್ಲಿಸಿದ ಜೆಟ್‌ಗೆ ಗಣೇಶನ ಪೆಂಡಾಲಿಗೆ ಬಳಿಯೋ ಥರದ ನೀಲಿ ಬಳಿದದ್ದನ್ನ ಕಣ್ಣಾರೆ ನೋಡಿದೀನಿ. ಯಾವ ಊರು ಅಂತ ಕೇಳಬೇಡಿ.

ಮತ್ತೆ ಮಾರುತ್‌ಗೆ ಬರೋಣ. ಕಾಕಾನ ಪ್ರಶ್ನೆ ಇದ್ದದ್ದು ಅಲ್ಲಿ.

ಮಾರುತ್ ವಿನ್ಯಾಸ ಮಾಡಿದ್ದು ಜರ್ಮನಿಯ ಕುರ್ಟ್ ಟ್ಯಾಂಕ್, ಮಹಾಯುದ್ಧದ ಪ್ರಸಿದ್ಧ ಫೋಕ-ವುಲ್ಫ್ 190 ಅವರದೇ. 1956ರಲ್ಲಿ ಬೆಂಗಳೂರಿಗೆ ಬಂದರು. ಇಲ್ಲಿ ಒಂದು ಮಜಾ ಇದೆ. ಅಸಲಿ ವಿಮಾನಕ್ಕಿಂತ ಮೊದಲು ಅದರ ಪೂರ್ಣ ಗಾತ್ರದ ಕಟ್ಟಿಗೆಯ ಪ್ರತಿರೂಪ ಹುಟ್ಟಿತು. ಇಂಜಿನ್ ಇಲ್ಲದ ಗ್ಲೈಡರ್. 1959ರಲ್ಲಿ ಅದನ್ನ ಹಗ್ಗ ಕಟ್ಟಿ ಆಕಾಶಕ್ಕೆ ಎಳೆದು ಬಿಡ್ತಾ ಇದ್ದದ್ದು ಒಂದು ಡಕೋಟಾ. ಆಕಾರ ಸರಿ ಇದೆಯಾ, ಇಳಿಯುವಾಗ ಹೇಗೆ ವರ್ತಿಸುತ್ತೆ ಅಂತ ಆ ಕಟ್ಟಿಗೆ ವಿಮಾನದಲ್ಲಿ ನೋಡಿಕೊಂಡರು. ಅಂದ್ರೆ ನಕಲು ಅನ್ನೋದು ಇಲ್ಲಿ ಕಲಿಯೋ ಸಾಧನ ಆಗಿತ್ತು. ಫೋಟೋ ಹೊಡ್ಕೊಳ್ಳೋಕೆ ಮಾಡಿದ್ದಲ್ಲ.

ಅಸಲಿ ಮಾರುತ್ ಹಾರಿದ್ದು 1961ರ ಜೂನ್ 17ಕ್ಕೆ. ಒಟ್ಟು 147 ತಯಾರಾದವು. ಅದಕ್ಕೆ ತಕ್ಕ ಇಂಜಿನ್ ಸಿಗಲೇ ಇಲ್ಲ, ಇರೋ ಆರ್ಫಿಯಸ್ ಇಂಜಿನ್‌ಗಳಲ್ಲೇ ಕೊನೆವರೆಗೂ ಓಡಿತು. ಆ ಕೊರತೆ ತುಂಬೋ ಪ್ರಯತ್ನದಲ್ಲೇ 1970ರ ಜನವರಿ 10ರಂದು, ಹೆಚ್ಚು ಶಕ್ತಿಯ ಇಂಜಿನ್ ಹಾಕಿದ ಮಾದರಿ ಹಾರಿಸುವಾಗ ಗ್ರೂಪ್ ಕ್ಯಾಪ್ಟನ್ ಸುರಂಜನ್ ದಾಸ್ ಬೆಂಗಳೂರಿನಲ್ಲೇ ತೀರಿಕೊಂಡರು. ಹಳೇ ಮದ್ರಾಸು ರಸ್ತೆಯಿಂದ ಎಚ್‌ಎಎಲ್ ಕಡೆ ತಿರುಗುವಾಗ ಟ್ರಾಫಿಕ್‌ನಲ್ಲಿ ಸಿಕ್ಕಿ ಬೈತೀರಲ್ಲ, ಆ ಸುರಂಜನ್ ದಾಸ್ ರಸ್ತೆ ಇವರ ಹೆಸರಿನದು. ಗೂಗಲ್ ಮ್ಯಾಪ್ ಹೆಂಗಸು ದಿನಾ ಆ ಹೆಸರು ಹೇಳ್ತಾಳೆ, ಯಾರು ಅಂತ ಹೇಳಲ್ಲ.

1971ರ ಯುದ್ಧದಲ್ಲಿ ಮಾರುತ್ ರಾಜಸ್ಥಾನದ ಕಡೆ ಹೋರಾಡಿತು. 1990ರ ಹೊತ್ತಿಗೆ ಎಲ್ಲ ನಿಂತವು. ಈಗ ಎಚ್‌ಎಎಲ್ ಸಂಗ್ರಹಾಲಯದಲ್ಲಿ ಒಂದು, ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ವಸ್ತುಸಂಗ್ರಹಾಲಯದ ಅಂಗಳದಲ್ಲಿ ಒಂದು, ಜರ್ಮನಿಯ ಮ್ಯೂನಿಕ್ ಪಕ್ಕದ ಶ್ಲೈಸ್‌ಹೈಮ್‌ನಲ್ಲಿ ಒಂದು, ಹೀಗೆ ಇವೆ. ಹಾರೋದು ಒಂದೂ ಇಲ್ಲ.

ಅದೇ ಕುರ್ಟ್ ಟ್ಯಾಂಕ್ ಅವರ ಫೋಕ-ವುಲ್ಫ್ 190 ಕತೆ ನೋಡಿ. ಜರ್ಮನಿಯ ಫ್ಲೂಗ್ ವೆರ್ಕ್ ಅನ್ನೋ ಕಂಪನಿ ಅದನ್ನ ಹೊಸದಾಗಿ ಕಟ್ಟಿ ಮಾರಿತು. ಮೂಲ ಇಂಜಿನ್ ಸಿಗಲ್ಲ ಅಂತ ರಷ್ಯನ್ ವಿನ್ಯಾಸದ ಇಂಜಿನ್ ಕೂರಿಸಿದರು. ಶುದ್ಧವಾದಿಗಳು ಮೂಗು ಮುರಿದರು. ಮುರೀಲಿ. ಟ್ಯಾಂಕ್ ಬರ್ಲಿನ್ನಿಗೆ ಮಾಡಿದ ವಿಮಾನಕ್ಕೆ 60 ವರ್ಷದ ಮೇಲೆ ಹೊಸ ಜನ್ಮ ಸಿಕ್ಕಿತು, ಬೆಂಗಳೂರಿಗೆ ಮಾಡಿದ್ದಕ್ಕೆ ಸಿಗಲಿಲ್ಲ.

ಹಾಗಂತ 'ಮಾರುತ್ ಹಾರಿಸಿ' ಅಂತ ಪಿಟಿಷನ್ ಹಾಕೋ ಪೈಕಿ ನಾನಲ್ಲ. ಹಳೇ ವಿಮಾನ ಹಾರಿಸೋದಕ್ಕೆ ಬೆಲೆ ಇದೆ. 2019ರ ಅಕ್ಟೋಬರ್ 2ರಂದು ಅದೇ ಕಾಲಿಂಗ್ಸ್ ಫೌಂಡೇಶನ್ನಿನ ಬಿ-17 ಬಾಂಬರ್ ಬಿದ್ದು 7 ಜನ ಸತ್ತರು. 2022ರ ನವೆಂಬರ್‌ನಲ್ಲಿ ಡಾಲಸ್‌ನ ಪ್ರದರ್ಶನದಲ್ಲಿ ಎರಡು ಹಳೇ ವಿಮಾನಗಳು ಡಿಕ್ಕಿಯಾಗಿ 6 ಜನ. ಬ್ರಿಟನ್ನಿನ ವಲ್ಕನ್ ಬಾಂಬರ್ 2007ರಿಂದ ಹಾರಿ ಹಾರಿ 2015ರಲ್ಲಿ ನಿಂತಿದ್ದು ಹಣಕ್ಕಿಂತ ಹೆಚ್ಚಾಗಿ, ಅದರ ತಾಂತ್ರಿಕ ಜವಾಬ್ದಾರಿ ಹೊತ್ತಿದ್ದ ಕಂಪನಿಗಳು ಇನ್ನು ಆಗಲ್ಲ ಅಂತ ಹಿಂದೆ ಸರಿದದ್ದಕ್ಕೆ. ಅದನ್ನ ಚೆನ್ನಾಗಿ ಬಲ್ಲ ಕೈಗಳೇ ಕಡಿಮೆ ಆಗ್ತಾ ಬಂದಿದ್ದವು. ಮರುತ್ ಭೂಮಿಯ ಮೇಲೆ ಅಂತ ಮಾರುತ್‌ನ ಹೆಸರಿಗೆ ಪ್ರಾಸ ಕಟ್ಟಿ, ಊರ ಮೇಲೆ 50 ವರ್ಷ ಹಳೇ ಜೆಟ್ ಹಾರಿಸೋ ಹುಚ್ಚು ಬೇಡ.

ಆದರೆ ಹಾರಿಸೋದು ಮತ್ತು ಗೂಟಕ್ಕೆ ಕಟ್ಟೋದು, ಇವೆರಡರ ನಡುವೆ ಒಂದು ದಾರಿ ಇದೆ. ಬ್ರಿಟನ್ನಿನ ಈಸ್ಟ್ ಕರ್ಕ್‌ಬಿಯಲ್ಲಿ ಒಂದು ಲ್ಯಾಂಕಾಸ್ಟರ್ ಬಾಂಬರ್ ಇದೆ. ಅದನ್ನ ಅಲ್ಲಿಯವರು ವರ್ಷಗಳಿಂದ ನೆಲದ ಮೇಲೇ ಓಡಿಸ್ತಾ ಬಂದರು. ನಾಲ್ಕೂ ಇಂಜಿನ್ ಚಾಲೂ, ಹುಲ್ಲುಗಾವಲಲ್ಲಿ ಒಂದು ಸುತ್ತು, ಬಂದ್. ಅಷ್ಟೇ. ಅಷ್ಟಕ್ಕೇ ಎಣ್ಣೆ ಬದಲಾಗಬೇಕು, ಪೈಪು ಸೋರಬಾರದು, ಯಾರಿಗೋ ಅದರ ಸದ್ದಿನಲ್ಲಿ ಏನು ಸರಿ ಏನು ತಪ್ಪು ಅಂತ ಗೊತ್ತಿರಬೇಕು, ಗೊತ್ತಿರೋನು ಗೊತ್ತಿಲ್ಲದವನಿಗೆ ಕಲಿಸಬೇಕು.

ನನ್ನ ವಿಮರ್ಶೆ ಇಷ್ಟೇ. ನಾವು ಮಾರುತ್‌ನ ಆಕಾರ ಉಳಿಸಿಕೊಂಡಿದ್ದೀವಿ, ಕೆಲಸ ಉಳಿಸಿಕೊಂಡಿಲ್ಲ. ತಗಡು ನೂರು ವರ್ಷ ಇರುತ್ತೆ. 1970ರಲ್ಲಿ 25 ವರ್ಷದವನಾಗಿದ್ದ ಫಿಟ್ಟರ್‌ಗೆ ಈಗ 80ರ ಮೇಲೆ. ವಿಮಾನಪುರದಲ್ಲೋ, ಮುರುಗೇಶಪಾಳ್ಯದಲ್ಲೋ, ನಮ್ಮ ನಿಮ್ಮ ಪಿಜಿಯ ಪಕ್ಕದ ಮನೆಯಲ್ಲೋ ಅಂಥವರು ಬೆಳಿಗ್ಗೆ ಹಾಲಿನ ಪ್ಯಾಕೆಟ್ ತರೋಕೆ ಹೋಗ್ತಾ ಇರ್ತಾರೆ. ಆರ್ಫಿಯಸ್ ಇಂಜಿನ್ನಿನ ಯಾವ ನಟ್ಟಿಗೆ ಕೈ ಹೋಗಲ್ಲ, ಆಗ ಏನು ಉಪಾಯ ಮಾಡ್ತಿದ್ದರು ಅನ್ನೋದು ಅವರಿಗೆ ಗೊತ್ತು. ಮ್ಯಾನ್ಯುಯಲ್‌ನಲ್ಲಿ ಅದು ಇರಲ್ಲ. ಕೋಡ್‌ನಲ್ಲಿ ಕಮೆಂಟ್ ಬರೆಯದೆ ಕೆಲಸ ಬಿಟ್ಟುಹೋದ ಸೀನಿಯರ್‌ನ ಬಗ್ಗೆ ನಾವು ಎಷ್ಟು ಬೈತೀವಿ! ಇವರು ಹೇಳೋಕೆ ತಯಾರಿದ್ದಾರೆ. ಕೇಳೋಕೆ ನಾವು ಹೋಗಿಲ್ಲ. ನಾನೂ ಹೋಗಿರಲಿಲ್ಲ.

ಅವತ್ತು ಸಂಜೆ ಫ್ಲ್ಯಾಟಿಗೆ ವಾಪಸ್ ಬಂದ್ವಿ. ನನ್ನ ಬಾಲ್ಕನಿಯಲ್ಲಿ ಒಂದು ಟೇಬಲ್ ಇದೆ, ಬಂದವರೆಲ್ಲ ಹೊಗಳೋದು. ಅಜ್ಜನ ಚಕ್ಕಡಿಯ ಗಾಲಿ. ಮೂರು ವರ್ಷದ ಹಿಂದೆ ಊರಿಂದ ಬಸ್ಸಿನ ಮೇಲೆ ಹಾಕಿಸಿಕೊಂಡು ಬಂದು, ಪಾಲಿಶ್ ಮಾಡಿಸಿ, ವಾರ್ನಿಶ್ ಹೊಡೆಸಿ, ಮೇಲೆ ಗಾಜು ಕೂರಿಸಿದ್ದೆ. ಕಾಕಾ ಇದನ್ನ ನೋಡಿರಲಿಲ್ಲ. ನೋಡಿದವನು ಚಹಾದ ಕಪ್ಪು ಅದರ ಮೇಲೆ ಇಡಲಿಲ್ಲ, ಕೈಯಲ್ಲೇ ಹಿಡ್ಕೊಂಡ. ಆಮೇಲೆ ಕೆಳಗೆ ಕೂತು, ಕಬ್ಬಿಣದ ಹಳಿಯ ಒಂದು ಜಾಗದಲ್ಲಿ ಉಗುರಿಂದ ವಾರ್ನಿಶ್ ಕೆರೆಯೋಕೆ ಶುರು ಮಾಡಿದ.

"ಏನ್ ಮಾಡಾಕತ್ತಿ ಕಾಕಾ?"

"ಇಲ್ಲೆ ಬೆಸದಿದ್ದು ಕಾಣಬೇಕು. ಇದು ಅಜ್ಜನ ಕಾಲದ ಹಳಿ ಅಲ್ಲೋ. ನಾ ಸಣ್ಣಾಂವ ಇದ್ದಾಗ ಹಳ್ಳದಾಗ ಸಿಕ್ಕು ಮುರೀತು. ಆಮ್ಯಾಲ ಕಮ್ಮಾರ ಹೊಸಾದು ಏರಿಸ್ಯಾನ. ಕಾಸಿದ ಹಳಿ ಹಿಡಿಯಾಕ ನಾನೂ ಇದ್ನಿ." ಅಂಗೈ ತೋರಿಸಿದ. ಹೆಬ್ಬೆರಳ ಬುಡದಲ್ಲಿ ಸುಟ್ಟ ಕಲೆ. ಅದು ಇಂಜಿನ್ ಕೆಲಸದ್ದು ಅಂತ ನಾನು ಚಿಕ್ಕಂದಿನಿಂದ ಅಂದ್ಕೊಂಡಿದ್ದೆ.

ಮಾರನೇ ದಿನ ಊರಿಗೆ ಹೋದ. ಆ ವಾರ ಅವನಿಗೆ ಲಿಬರೇಟರ್‌ನ ಒಂದು ವಿಡಿಯೊ ಕಳಿಸಿದೆ, ಆ ಕಾಲಿಂಗ್ಸ್ ವಿಮಾನದ ನಾಲ್ಕು ಇಂಜಿನ್ ಒಂದೊಂದಾಗಿ ಚಾಲೂ ಆಗೋದು. ಎರಡು ದಿನ ಏನೂ ಸುದ್ದಿ ಇಲ್ಲ. ಮೂರನೇ ದಿನ ರಾತ್ರಿ ಫೋನ್.

"ತಮ್ಮಾ, ಶೆಡ್ಡಿನಾಗ ಹುಡುಗರಿಗೂ ತೋರಸ್ದೆ. ಛಲೋ ಐತಿ. ಆದ್ರ ಕಡೀಕ ಚಾಲೂ ಮಾಡ್ತಾರಲ್ಲ, ಆ ಇಂಜಿನ್ ಹಿಡಿಯಾಕ ತಡಾ ಮಾಡತೈತಿ. ಯಾರರ ಇದ್ರ ನೋಡಾಕ ಹೇಳು."